ಕಡೆಗುದುರೆ

ನಮ್ಮೂರಿನ ಲಾಯವನ್ನು ನೋಡಲು ಬರುವ ಹೊರಗಿನವರು ಅದರ ಉದ್ದಕ್ಕೆ ಬೆರಗಾಗುತ್ತಾರೆ. ಊರಿನವರಾದ ನಾವು ಮಾತ್ರ ಬಾಗಿಲನ್ನೇ ನೋಡುತ್ತೇವೆ. ಇಂದು ಅದು ಎಷ್ಟೆತ್ತರಕ್ಕೆ ನಿಂತಿದೆ ಎಂಬುದನ್ನು ತಿಳಿಯದೆ ನಮ್ಮಲ್ಲಿ ಯಾರೂ ಬೆಳಗಿನ ಕೆಲಸಕ್ಕೆ ಹೊರಡುವುದಿಲ್ಲ. ಮದುವೆಯ ಮಾತುಕತೆಗೆ ಬಂದ ಬೀಗರು ಕೂಡ ಕಾಲು ತೊಳೆದು ಕುಳಿತೊಡನೆ, “ಬಾಗಿಲಾ ಹೆಂಗದ?” ಎಂದು ಕೇಳುತ್ತಾರೆ. “ಕುದುರಿ ಅಳತಿಗೆ ಅದ” ಎಂಬ ಉತ್ತರ ಬಂದ ಮೇಲೆಯೇ ಮುಂದಿನ ಮಾತು.

ಲಾಯದ ವಿಷಯವನ್ನು ನಾನು ಎತ್ತಿದರೆ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗುತ್ತದೆ. ಆದರೂ ಅದನ್ನು ಬಲ್ಲವರೇ ಹೇಳದಿದ್ದರೆ ಮತ್ತಾರು ಹೇಳಬೇಕು? ಊರಿನ ಬಡಗಣ ದಿಬ್ಬದ ಮೇಲೆ, ಸುಣ್ಣದ ಗೂಡುಗಳ ಹೊಗೆ ತಾಗದಷ್ಟು ದೂರದಲ್ಲಿ, ಮೂಡಣಕ್ಕೆ ಮುಖ ಮಾಡಿ ಅದು ನಿಂತಿದೆ. ಗೋಡೆಯ ದಪ್ಪದಲ್ಲಿ ಒಬ್ಬ ಆಳು ಕಾಲು ಚಾಚಿ ಮಲಗಬಹುದು. ಒಳಗೆ ಎರಡು ಸಾಲು ಕರಿಕಲ್ಲಿನ ಕಂಬಗಳು, ಸಾಲುಗಳ ನಡುವೆ ಓಣಿಯಂಥ ನಡೆ, ಕಂಬಗಳಾಚೆಗೆ ಒಂದೊಂದು ಕುದುರೆಗೆ ಒಂದೊಂದು ಅಂಕಣ. ಗೋದಲಿಗಳು ಒಂದೊಂದೂ ಒಂದೇ ಕಲ್ಲಿನಲ್ಲಿ ಕಡೆದವು. ತಲೆಮಾರುಗಳ ಕುದುರೆಗಳು ಕತ್ತು ಉಜ್ಜಿ ಉಜ್ಜಿ ಅವುಗಳ ಅಂಚು ನುಣುಪಾಗಿದೆ. ನೆಲ ಎರಡೂ ಬದಿಯಿಂದ ನಡುವಿನ ಕಾಲುವೆಯತ್ತ ಇಳಿಜಾರಾಗಿದೆ. ಆ ಇಳಿಜಾರು ಕಣ್ಣಿಗೆ ಕಾಣದು, ನೀರಿಗೆ ಮಾತ್ರ ತಿಳಿಯುತ್ತದೆ. ಸೂರಿನ ಕೆಳಗೆ ಅಂಗೈ ಅಗಲದ ಗಾಳಿಗಂಡಿಗಳಿವೆ. ಗಾಳಿ ಬರಬೇಕು, ದಾರಿ ಕಾಣಬಾರದು ಎಂಬುದು ಕಟ್ಟಿದವರ ವಿಚಾರ. ದಾರಿ ಕಂಡ ಕುದುರೆ ನಿದ್ದೆ ಮಾಡುವುದಿಲ್ಲವಂತೆ. ಮಾಳಿಗೆ ಹಾಸುಗಲ್ಲಿನದು. ಒಂದು ಕಲ್ಲು ಇನ್ನೊಂದರ ಹೆಗಲ ಮೇಲೆ ಕುಳಿತಿರುವುದರಿಂದ ಒಂದನ್ನು ಕಿತ್ತರೆ ಉಳಿದವೆಲ್ಲ ಒಳಗಿರುವವರ ತಲೆಯ ಮೇಲೆ ಇಳಿಯುತ್ತವೆ. ಇಷ್ಟು ದೊಡ್ಡ ಕಟ್ಟಡಕ್ಕೆ ಇರುವುದು ಒಂದೇ ಬಾಗಿಲು.

ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಕಲ್ಲಿನ ಮಂಟಪದೊಳಗೆ ಆ ಬಾಗಿಲಿದೆ. ಮೆಟ್ಟಿಲುಗಳಿಲ್ಲ, ಗೊರಸು ಜಾರದಂತೆ ಅಡ್ಡಗೀರು ಕೊರೆದ ಏರುಹಾಸು. ಎರಡು ನಿಲುಗಂಬಗಳು, ಮೇಲೆ ಕಮಾನು, ಕಮಾನಿನ ಇಕ್ಕೆಲಗಳಲ್ಲಿ ಒಂದೊಂದು ಕುದುರೆತಲೆ. ಬಲಗಡೆಯದು ಬಾಯಿ ತೆರೆದಿದೆ, ಎಡಗಡೆಯದು ಮುಚ್ಚಿದೆ. ಕದವಿಲ್ಲ, ಅಗುಳಿಯಿಲ್ಲ. ಈ ಬಾಗಿಲು ತನ್ನನ್ನು ಕೊನೆಗೆ ದಾಟಿದವರ ಅಳತೆಗೆ ನಿಲ್ಲುತ್ತದೆ. ಕುದುರೆ ದಾಟಿದರೆ ಕುದುರೆಯ ಎತ್ತರ, ಕುದುರೆಯ ಅಗಲ; ಆಡು ದಾಟಿದರೆ ಆಡಿನದು. ಸದ್ದಿಲ್ಲ, ಧೂಳಿಲ್ಲ. ರೆಪ್ಪೆ ಬಡಿಯುವುದರೊಳಗೆ ಕಮಾನು ಇಳಿದಿರುತ್ತದೆ, ಕಂಬಗಳು ಹತ್ತಿರ ಸರಿದಿರುತ್ತವೆ, ಆ ಎರಡು ಕುದುರೆತಲೆಗಳೂ ತಕ್ಕಂತೆ ಕುಗ್ಗಿರುತ್ತವೆ. ತುಸು ದೊಡ್ಡವರು ಬಂದು ಒತ್ತಿದರೆ ಒಂದು ಚೋಟಿನಷ್ಟು ಬಿಟ್ಟುಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಡಿದರೆ ಕಲ್ಲು ಕಲ್ಲೇ.

ಆದ್ದರಿಂದ ನಮ್ಮೂರಿನಲ್ಲಿ ಕಡೆಗುದುರೆ ಎಂಬ ಪದವಿಯುಂಟು. ಉಳಿದ ಕುದುರೆಗಳು ಗೂಡುಗಳಿಂದ ಸುಣ್ಣದ ಚೀಲ ಹೊತ್ತು ಇಳಿಜಾರಿನಲ್ಲಿ ದುಡಿದರೆ, ಕಡೆಗುದುರೆಯ ಕೆಲಸ ಒಂದೇ: ಒಳಗೆ ಹೋದವರೆಲ್ಲ ಹೊರಬಂದ ಮೇಲೆ ಕೊನೆಗೆ ತಾನೊಮ್ಮೆ ಒಳಹೊಕ್ಕು ಹೊರಬರುವುದು. ಅದು ಮಂಟಪದ ಪಕ್ಕದ ಚಪ್ಪರದಲ್ಲಿ ಮಲಗುತ್ತದೆ. ಮೊದಲ ಹುಲ್ಲು ಅದಕ್ಕೆ, ಮದುಮಗಳ ಕೈಯ ಮೊದಲ ಅರಿಸಿನ ಅದರ ಹಣೆಗೆ, ಊರ ಸಭೆಯಲ್ಲಿ ಮೊದಲ ಆಸನ ಅದರ ಯಜಮಾನನಿಗೆ. ಹಿರಿಯರು ಹರಸುವಾಗ, “ನಿನ್ನ ಹಿಂದ ಕುದುರಿ ದಾಟ್ಲಿ” ಎನ್ನುತ್ತಾರೆ. ಬೈಯುವಾಗ ಏನೆನ್ನುತ್ತಾರೆಂಬುದನ್ನು ಸಭ್ಯರ ಮುಂದೆ ಬರೆಯಲಾಗದು. ಅದರಲ್ಲಿ ಕೋಳಿ ಬರುತ್ತದೆ.

ನಾನು ಹೇಳಹೊರಟಿರುವ ವರ್ಷದ ಬೇಸಿಗೆಯಲ್ಲಿ ಹಳೆಯ ಕಡೆಗುದುರೆ ತೀರಿಕೊಂಡಿತು. ಅದಕ್ಕೆ ಮಣ್ಣು ಕೊಟ್ಟು ಬಂದ ಸಂಜೆಯಿಂದಲೇ ಊರಿಗೆ ನೆಮ್ಮದಿ ತಪ್ಪಿತು. ಯಾರೂ ಒಂದೆಡೆ ಕುಳಿತು ಉಣ್ಣಲಾರದಾದರು. ಸಿಕ್ಕ ಕುದುರೆಯನ್ನು ಕೊನೆಗೆ ದಾಟಿಸುವುದು, ಅದು ಸರಿಯಾಗಿ ದಾಟಿತೋ ಇಲ್ಲವೋ ಎಂದು ಹಿಂತಿರುಗಿ ಬಂದು ನೋಡುವುದು, ನೋಡಿ ಹೋದವರು ಮತ್ತೆ ಬಂದು ನೋಡುವುದು. ಹೀಗೆ ಬಹಳ ದಿನ ನಡೆಯಲಾರದೆಂದು ಎಲ್ಲರಿಗೂ ಗೊತ್ತಿತ್ತು. ಪದವಿಗೆ ಹಕ್ಕುದಾರರು ಇಬ್ಬರು. ಒಂದು ನನ್ನ ಕಸ್ತೂರಿ, ಮೈಯೆಲ್ಲ ಕಪ್ಪು, ನಡಿಗೆಯಲ್ಲಿ ಗತ್ತು. ಇನ್ನೊಂದು ಕೆಳಗೂಡುಗಳ ಯಜಮಾನ ಫಕೀರಗೌಡನ ಸರದಾರ, ಕೆಂಚು ಬಣ್ಣದ ಗಂಡುಕುದುರೆ. ಫಕೀರಗೌಡ ಮತ್ತು ನಾನು ಒಂದೇ ಗರಡಿಯ ಮಣ್ಣಿನಲ್ಲಿ ಹೊರಳಾಡಿ ಬೆಳೆದವರು. ಯಾರು ಯಾರನ್ನು ಚಿತ್ತು ಮಾಡಿದರೆಂಬ ಬಗ್ಗೆ ಒಮ್ಮತಕ್ಕೆ ಬಾರದೆ ಹರೆಯದಿಂದಲೂ ಮಾತು ಬಿಟ್ಟವರು. ಹಿರಿಯರು ಎರಡೂ ಕುದುರೆಗಳನ್ನು ಒಂದೇ ಕೋಲಿನಿಂದ ಅಳೆದರು. ಎತ್ತರದಲ್ಲಿ, ಅಗಲದಲ್ಲಿ, ಒಂದು ಬೆರಳಿನ ವ್ಯತ್ಯಾಸವೂ ಇರಲಿಲ್ಲ. ಕೊನೆಗೆ ಸಭೆ ತೀರ್ಮಾನಿಸಿತು: ಎರಡೂ ಕುದುರೆಗಳನ್ನು ಲಾಯದೊಳಗೆ ತರತಕ್ಕದ್ದು, ಯಾವುದು ಕೊನೆಗೆ ಹೊರಬರುವುದೋ ಅದೇ ಕಡೆಗುದುರೆ, ಕಣ್ಣಾರೆ ಕಂಡವರ ಮಾತೇ ಸಾಕ್ಷಿ. ಕೇಳಿದಾಗ ಎಲ್ಲರಿಗೂ ಇದು ಬಹಳ ನ್ಯಾಯವಾದ ಮಾತೆನಿಸಿತು.

ಆ ದಿನ ಹೊರಡುವಾಗ ನನ್ನ ಹೆಂಡತಿ ಸಂಗವ್ವ ಅಂಗಳದಲ್ಲಿ ಅಡ್ಡ ನಿಂತಳು. “ದಿನಾ ತುಂಬಿದ ಕುದುರೀನ ಪಂಚಾಯ್ತಿಗೆ ಎಳಕೊಂಡು ಹೊಂಟೀರಲ್ಲ, ನೋಡಿದವರು ಏನಂದಾರು?”

“ಇನ್ನೂ ಒಂದು ತಿಂಗಳದ,” ಎಂದೆ.

“ಯಾರು ಹೇಳ್ಯಾರ? ಕುದುರಿ ಹೇಳ್ತೇನು?”

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಇದನ್ನು ಈಗಲೂ ಹೇಳಬಲ್ಲೆ. ಲೆಕ್ಕ ತಪ್ಪಿದ್ದು ಕುದುರೆ.

ಉಳಿದ ಕುದುರೆಗಳೆಲ್ಲ ಗೂಡುಗಳಿಗೆ ಹೋಗಿದ್ದವು. ಲಾಯದೊಳಗೆ ಜನ ಕಂಬಗಳಿಗೆ ಒರಗಿ ನಿಂತರು. ಕಸ್ತೂರಿ ಬಲಗಡೆಯ ಅಂಕಣದಲ್ಲಿ, ಸರದಾರ ಎಡಗಡೆಯದರಲ್ಲಿ. ಫಕೀರಗೌಡ ಮೀಸೆಗೆ ಕೈ ಹಾಕಿ, ನನ್ನ ಮುಖ ನೋಡದೆ, ನಡುವಿನ ಕಾಲುವೆಗೆ ಹೇಳಿದ: “ಬಸುರಿ ಕುದುರಿ ಮೊದಲ ಹೊಂಡ್ಲಿ. ಅದಕ್ಕ ಗಾಳಿ ಬೇಕಾಗ್ತದ.”

“ಬಸುರಿಗೆ ಅವಸರ ಮಾಡಬಾರದು,” ಎಂದು ನಾನೂ ಕಾಲುವೆಗೇ ಹೇಳಿದೆ. “ಗಂಡು ಮೊದಲ ಹೊಂಡ್ಲಿ. ತಿರಗ್ಯಾಡೂದು ಅದಕ್ಕ ರೂಢಿ ಅದ.”

“ದೊಡ್ಡವರ ಕುದುರಿ ಮುಂದ ಇದ್ರ ಚೆಂದ.”

“ಅಯ್ಯ, ನಿಮಗಿಂತ ದೊಡ್ಡವರು ಯಾರದಾರ? ನೀವು ಮುಂದ ನಡೀರಿ.”

ಇಂಥ ಮರ್ಯಾದೆಯ ಮಾತುಗಳು ಬಿಸಿಲೇರುವತನಕ ನಡೆದವು. ಕಡೆಗೆ ಮಾತು ನಿಂತು ಬರಿಯ ನಿಲುವು ಉಳಿಯಿತು. ಜನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು, ಆಕಳಿಸಿದರು, ಹಸಿವಾದವರು ಹೊರಟರು. ಒಬ್ಬೊಬ್ಬರಾಗಿ ಸಾಕ್ಷಿಗಳೆಲ್ಲ ಹೋದ ಮೇಲೆ ನಾವಿಬ್ಬರೇ ಉಳಿದೆವು. ಬಾಯಾರಿಕೆ ಇಬ್ಬರಿಗೂ ಇತ್ತು. ಕುದುರೆಗಳನ್ನು ಕಟ್ಟಿದಲ್ಲಿಯೇ ಬಿಟ್ಟು, ಮೈ ಅಡ್ಡ ತಿರುಗಿಸಿ, ಎದೆಗೆ ಎದೆ ಒತ್ತಿ, ಯಾರೂ ಮುಂದಾಗದಂತೆ ಇಬ್ಬರೂ ಏಕಕಾಲಕ್ಕೆ ಒಬ್ಬಾಳಿನ ಅಗಲದ ಆ ಬಾಗಿಲು ದಾಟಿದೆವು. ಅದೊಂದು ನೋಡತಕ್ಕ ದೃಶ್ಯವಾಗಿತ್ತು, ನೋಡುವವರು ಯಾರೂ ಇರಲಿಲ್ಲವಷ್ಟೆ. ಏರುಹಾಸಿನ ಕೆಳಗೆ ಬಂದಾಗ ಹಿಂದಿನಿಂದ ಒಂದು ಸಣ್ಣ ಸದ್ದು ಕೇಳಿತು. ತಿರುಗಿದರೆ, ಗೋದಲಿಯ ಕೆಳಗೆ ಚೆಲ್ಲಿದ ಹುರುಳಿಯನ್ನು ಮೇಯುತ್ತ ಬೆಳಗಿನಿಂದ ಅಲ್ಲಿಯೇ ಇದ್ದ ಒಂದು ಕಂದುಗೋಳಿ, ಹೊಟ್ಟೆ ತುಂಬಿದ ಗಾಂಭೀರ್ಯದಿಂದ, ನಮ್ಮ ಹಿಂದೆ ಹೊರಗೆ ನಡೆದು ಬರುತ್ತಿತ್ತು.

ಬಾಗಿಲು ಮೊಣಕಾಲಿನಷ್ಟು ಎತ್ತರಕ್ಕೆ ಇಳಿದಿತ್ತು. ಕುದುರೆತಲೆಗಳು ಹುಣಸೆಬೀಜದಷ್ಟಾಗಿದ್ದವು.

“ನಿನ್ನ ಕೋಳಿ,” ಎಂದ ಫಕೀರಗೌಡ. ಇಷ್ಟು ವರ್ಷಗಳ ಮೇಲೆ ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತದು.

“ನಮ್ಮ ಮನಿಯಾಗ ಕೋಳಿ ಸಾಕೂದಿಲ್ಲ.”

“ಹಂಗಾದ್ರ ನಮ್ಮನಿದೂ ಅಲ್ಲ.”

ಒಳಗೆ ಕಸ್ತೂರಿ ಒಮ್ಮೆ ಕೂಗಿತು. ಕುದುರೆ ಮೇವಿಗೆ ಕೂಗುವುದು ಬೇರೆ, ಜೊತೆಗಾರನಿಗೆ ಕೂಗುವುದು ಬೇರೆ. ಇದು ಅವೆರಡೂ ಅಲ್ಲ. ನಾನು ನೆಲಕ್ಕೆ ಕೆನ್ನೆ ಹಚ್ಚಿ ಆ ಕಿಂಡಿಯಲ್ಲಿ ನೋಡಿದೆ. ಅದರ ಕಾಲುಗಳಷ್ಟೇ ಕಂಡವು. ಹಿಂಗಾಲುಗಳು ಒಂದೇ ಸಮನೆ ಭಾರ ಬದಲಿಸುತ್ತಿದ್ದವು, ಕಲ್ಲಿನ ಮೇಲೆ ನೀರು ಹರಿದು ಕಾಲುವೆ ಸೇರುತ್ತಿತ್ತು.

ನಮ್ಮ ಕೂಗಿಗೆ ಊರು ಮತ್ತೆ ಕೂಡಿತು. ಮೌಲಾಬಿಯನ್ನು ಕರೆತರಲು ಓಡಿದವರು ಯಾರೋ ನನಗೆ ನೆನಪಿಲ್ಲ. ಮೌಲಾಬಿ ಎಂದರೆ ಲಾಳ ಹೊಡೆಯುವ ಮನೆತನದ ಹೆಣ್ಣುಮಗಳು. ಊರಿನ ಅರ್ಧ ಕುದುರೆಗಳು ಹುಟ್ಟುವಾಗ ಮೊದಲು ಕಂಡದ್ದು ಆಕೆಯ ಕೈಗಳನ್ನು. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಬಂದವಳೇ ಬಾಗಿಲನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು. “ಯಾ ಅಲ್ಲಾ, ಇದರಾಗ ನನ್ನ ಒಂದು ಕಾಲೂ ಹೋಗಂಗಿಲ್ಲ. ಗೌಡ್ರ, ಇಬ್ಬರಾಗ ಯಾರು ಕಡೀಗೆ ಬಂದ್ರಿ ಈಗ?”

ನಮ್ಮಿಬ್ಬರ ಕಣ್ಣೂ ಕೋಳಿಯ ಕಡೆ ಹೋಯಿತು.

“ಕೋಳಿ ಗೆದ್ದೈತಿ,” ಎಂದು ಆಕೆಯೇ ಉತ್ತರ ಹೇಳಿಕೊಂಡು ಗಾಳಿಗಂಡಿಯ ಕೆಳಗೆ ಕಿವಿಗೊಟ್ಟು ನಿಂತಳು. ಮುಖ ಬದಲಾಯಿತು. “ಮರಿ ಅಡ್ಡ ಬಿದ್ದೈತಿ. ಹೊತ್ತು ಮುಳುಗೂದ್ರಾಗ ಕೈ ಹಾಕಿ ತಿರುಗಿಸದಿದ್ರ ಎರಡೂ ಉಳಿಯಂಗಿಲ್ಲ. ಏನು ನೋಡ್ಕೋತ ನಿಂತೀರಿ? ಕುರಿಮರಿ ತರ್ರಿ!”

ಗೋಡೆ ಒಡೆಯುವ ಮಾತನ್ನು ಯಾರೂ ಆಡಲಿಲ್ಲ. ಆ ದಪ್ಪವನ್ನು ಬಗೆಯುವಷ್ಟರಲ್ಲಿ ಎರಡು ದಿನ ಹೋಗುತ್ತಿತ್ತು, ಮಾಳಿಗೆಯ ಮಾತಂತೂ ಹೇಳಿದ್ದೇನೆ. ಉಳಿದದ್ದು ಒಂದೇ ದಾರಿ: ಕೋಳಿಗಿಂತ ಒಂದು ಚೋಟು ದೊಡ್ಡದು, ಅದಕ್ಕಿಂತ ಒಂದು ಚೋಟು ದೊಡ್ಡದು, ಹೀಗೆ ಒಂದೊಂದೇ ಜೀವವನ್ನು ಒಳಗೆ ದಾಟಿಸುತ್ತ ಬಾಗಿಲನ್ನು ಏರಿಸುವುದು. ಊರೆಲ್ಲ ಚದುರಿ ಹುಡುಕತೊಡಗಿತು. ನಾನು ಮಂಟಪದ ಮುಂದೆ ಆ ತುದಿಯಿಂದ ಈ ತುದಿಗೆ ನಡೆದೆ, ಈ ತುದಿಯಿಂದ ಆ ತುದಿಗೆ ನಡೆದೆ. ಒಳಗಿನಿಂದ ಗೊರಸು ಕಲ್ಲಿಗೆ ಬಡಿಯುವ ಸದ್ದು ನಿಂತರೆ ಜೀವ ಹಾರುತ್ತಿತ್ತು. ಮತ್ತೆ ಕೇಳಿದರೂ ಹಾರುತ್ತಿತ್ತು.

ಕುರುಬರ ಹಟ್ಟಿಯಿಂದ ಕುರಿಮರಿ ಬಂತು. ಒಳಗೆ ನೂಕಿದೆವು, ಕಮಾನು ಒಂದಿಷ್ಟು ಏರಿತು. ಆಡು ಬಂತು. ಅದು ಹೊಸ್ತಿಲಲ್ಲಿ ನಾಲ್ಕೂ ಕಾಲು ಊರಿ ನಿಂತು, ಊರಿನ ಹಿರಿಯರಿಗಿಂತ ಹೆಚ್ಚಿನ ಹಟ ತೋರಿಸಿ, ಸಂಗವ್ವ ಹಿಡಿದ ಎಲೆಯ ಆಸೆಗೆ ಒಳಗೆ ಹೋಯಿತು. ಬಾಗಿಲು ತೊಡೆಯ ಮಟ್ಟಕ್ಕೆ ಬಂತು. “ಇನ್ನ ಮನಷಾ ತೆವಳಬಹುದು,” ಎಂದಳು ಮೌಲಾಬಿ. ನಾನು ಪೇಟ ತೆಗೆದು ಸಂಗವ್ವನ ಕೈಗೆ ಕೊಡುತ್ತಿದ್ದೆ. ಆಗ ಆ ಕಂದುಗೋಳಿ, ಎಲ್ಲಿತ್ತೋ, ಯಾರ ಕಾಲ ಸಂದಿಯಿಂದ ಬಂತೋ, ಉಳಿದ ಹುರುಳಿಯ ನೆನಪಾಗಿ ಓಡುತ್ತ ಒಳಗೆ ನುಗ್ಗಿತು.

ಕಮಾನು ಮತ್ತೆ ಮೊಣಕಾಲಿಗೆ ಇಳಿಯಿತು.

ಒಳಗೆ ಕಸ್ತೂರಿ ಇನ್ನೊಮ್ಮೆ ಕೂಗಿತು. ಈ ಸಲ ದನಿ ಸಣ್ಣದಾಗಿತ್ತು. ಮೌಲಾಬಿ ನೆಲಕ್ಕೆ ಬಗ್ಗಿ ಕಿಂಡಿಯೊಳಗೆ ಕೂಗಿದಳು: “ಇವತ್ತು ನನ್ನ ಮನಿಯಾಗ ನಿಂದೇ ಸಾರು, ತಿಳಕೋ!” ಆಮೇಲೆ ತಿರುಗಿ, “ಇನ್ನೊಂದು ಮರಿ, ಇನ್ನೊಂದು ಆಡು. ಓಡ್ರಿ,” ಎಂದಳು. ಹಟ್ಟಿಯವರು ಮತ್ತೆ ಓಡಿದರು. ನೆರಳು ಮಂಟಪದ ಕಂಬ ದಾಟಿ ಏರುಹಾಸಿನ ಗೀರುಗಳ ಮೇಲೆ ಬಿದ್ದಿತ್ತು.

ಎರಡನೆಯ ಆಡು ಒಳಗೆ ಹೋದ ಕ್ಷಣವೇ ನಾನು ನೆಲಕ್ಕಿಳಿದೆ. ನಮ್ಮ ಮನೆತನದಲ್ಲಿ ಆ ಬಾಗಿಲನ್ನು ತಲೆತಗ್ಗಿಸಿ ದಾಟಿದವರು ಯಾರೂ ಇರಲಿಲ್ಲ. ಅಂಗೈ ಊರಿ ದಾಟಿದವನು ನಾನೊಬ್ಬನೇ. ಭುಜಗಳು ಕಲ್ಲಿಗೆ ಸಿಕ್ಕವು, ಕಲ್ಲು ತನ್ನ ಒಂದು ಚೋಟನ್ನು ಬಿಟ್ಟುಕೊಟ್ಟಿತು. ಒಳಗೆ ಎದ್ದು ನಿಂತು ಕಸ್ತೂರಿಯ ಕತ್ತು ಹಿಡಿದಾಗ ಅದರ ಮೈ ಬೆವರಿನಿಂದ ಜಾರುತ್ತಿತ್ತು.

ಹಿಂದಿನಿಂದ ಏದುಸಿರು ಕೇಳಿತು. ನೋಡಿದರೆ ಫಕೀರಗೌಡ, ಹೊಟ್ಟೆಯನ್ನು ನೆಲಕ್ಕೂ ಬೆನ್ನನ್ನು ಕಮಾನಿಗೂ ಉಜ್ಜಿಕೊಂಡು ಒಳಬರುತ್ತಿದ್ದ.

“ನೀ ಯಾಕ ಬಂದಿ?” ಎಂದೆ.

“ನೀ ಒಬ್ಬನ ಒಳಗಿದ್ರ ನನ್ನ ಸರದಾರನ ಮೊದಲ ಹೊರಗ ಅಟ್ಟತಿ. ನನಗೇನು ತಿಳಿಯೂದಿಲ್ಲೇನು?”

ಹೊರಗೆ ಮೌಲಾಬಿ ಚಪ್ಪಾಳೆ ತಟ್ಟಿದಳು. ಗೌಡನ ಹೊಟ್ಟೆಯ ದೆಸೆಯಿಂದ ಬಾಗಿಲು ಅವಳು ಎಣಿಸಿದ್ದಕ್ಕಿಂತ ಹೆಚ್ಚು ಅಗಲವಾಗಿತ್ತು. ಅವನ ಬೆನ್ನ ಹಿಂದೆಯೇ ಕುಂಬಾರರ ಕತ್ತೆ ಬಂತು. ಕತ್ತೆಯ ಹಿಂದೆ, ನಡುಬಗ್ಗಿಸಿ, ಬೈಯುತ್ತ, ಮೌಲಾಬಿ. ಬಂದವಳು ತೋಳೇರಿಸಿ ಎಣ್ಣೆ ಹಚ್ಚಿಕೊಂಡಳು. “ಗುರುಶಾಂತಪ್ಪ,” ಎಂದು ನನ್ನನ್ನು ಕರೆದಳು, “ತಲೀ ಹಿಡೀರಿ. ಫಕೀರಗೌಡ್ರ, ಬಾಲ ಎತ್ತಿ ಹಿಡೀರಿ.”

“ಬಾಲಾ ನಾ ಹಿಡೀಬೇಕೇನು?”

“ಕಡೀಗೆ ಇರೂದು ನಿಮಗ ಭಾಳ ಸೇರ್ತದಲ್ಲ? ಹಿಡೀರಿ ಮತ್ತ.”

ಆ ಹೊತ್ತಿನ ಬಗ್ಗೆ ಹೆಚ್ಚು ಬರೆಯಲಾರೆ. ಕಸ್ತೂರಿಯ ಹಣೆ ನನ್ನ ಎದೆಗೆ ಒತ್ತಿತ್ತು, ಅದರ ಒಂದೊಂದು ನಡುಕವೂ ನನ್ನ ಪಕ್ಕೆಲುಬಿನಲ್ಲಿ ಕೇಳುತ್ತಿತ್ತು. ಮೌಲಾಬಿಯ ತೋಳು ಭುಜದವರೆಗೆ ಒಳಗಿತ್ತು, ಕಣ್ಣು ಮುಚ್ಚಿದ್ದಳು, ಬಾಯಲ್ಲಿ ಮಾತ್ರ ಬೈಗುಳ ನಿಂತಿರಲಿಲ್ಲ. ಮೊದಲು ಮರಿಯನ್ನು, ಆಮೇಲೆ ನಮ್ಮಿಬ್ಬರನ್ನು, ಆಮೇಲೆ ಲಾಯ ಕಟ್ಟಿದವರನ್ನು. ಸಂಗವ್ವ ಎಲ್ಲಿಂದಲೋ ಒಂದು ಎಮ್ಮೆಯನ್ನು ತಂದು ಒಳಗೆ ಅಟ್ಟಿದಳು. ಬಾಗಿಲು ಮತ್ತಷ್ಟು ಏರಿ ಅಗಲವಾಯಿತು, ಬೆಳಕು ಬಂತು. ಆ ಬೆಳಕಿನಲ್ಲಿ ಎರಡು ಸಣ್ಣ ಗೊರಸುಗಳು ಕಂಡವು, ಆಮೇಲೆ ಮೂಗು, ಆಮೇಲೆ ಎಲ್ಲವೂ ಒಮ್ಮೆಗೇ ಜಾರಿ ನಮ್ಮ ಗೌಡನ ಮಡಿಲಿಗೆ ಬಂತು. ಅವನು ಬಾಲ ಬಿಟ್ಟು ಮರಿಯನ್ನು ತಬ್ಬಿ ಹಿಡಿದು ಕಾಲುವೆಯಲ್ಲಿಯೇ ಕುಳಿತುಬಿಟ್ಟ. ಅವನ ರೇಶಿಮೆಯ ಅಂಗಿಯ ಅವಸ್ಥೆಯನ್ನು ವರ್ಣಿಸುವ ಆಸೆಯಿದೆ, ಆದರೆ ಬಿಡುತ್ತೇನೆ. “ಉಸಿರು ಅದ,” ಎಂದ. “ಏ, ಉಸಿರು ಅದ ಇದಕ್ಕ!”

ಹೆಣ್ಣುಮರಿ. ಎದ್ದಿತು, ಬಿತ್ತು, ಎದ್ದಿತು, ತಾಯಿಯ ಕೆಚ್ಚಲನ್ನು ಹುಡುಕಿತು. ಆದರೆ ಕಸ್ತೂರಿಯ ಮೊಣಕಾಲುಗಳು ಮಡಿಯತೊಡಗಿದ್ದವು. ಮೌಲಾಬಿ ಅದರ ಕಿವಿ ಮುಟ್ಟಿ ನೋಡಿದಳು. “ತಣ್ಣಗ ಆಗಾಕತ್ತೈತಿ. ಈಗ ಮಲಗಿದ್ರ ಮತ್ತ ಏಳಂಗಿಲ್ಲ. ಹೊರಗ ಬಿಸಿಲಿಗೆ ನಡಸಬೇಕು, ಬೆಲ್ಲದ ನೀರು ಕುಡಸಬೇಕು. ಮೊದಲ ಈ ಸಂತಿ ಖಾಲಿ ಮಾಡ್ತೀನಿ. ಆಮ್ಯಾಲೆ ನಿಮ್ಮ ಕುದುರಿ. ಮರೀನ ಮಾತ್ರ ನಡಿಸಬ್ಯಾಡ್ರಿ. ಅದು ತಾಯಿ ಹಿಂದ ನಡೀತಂದ್ರ ಬಾಗಿಲ ಮರಿ ಅಳತಿಗೆ ನಿಂದಿರತೈತಿ, ಹಿಂದ ಉಳಿದವರು ಒಳಗ.”

ಜನ ಬಗ್ಗಿ ಒಳಬಂದು ಕುರಿಮರಿಗಳನ್ನೂ ಆಡುಗಳನ್ನೂ ಹೆಗಲೇರಿಸಿಕೊಂಡು ಹೋದರು. ಕತ್ತೆ ಹೋಯಿತು, ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನಡುಬಗ್ಗಿಸಿ ಮೌಲಾಬಿ ಹೋದಳು, ಅವಳ ಹಿಂದೆ ಎಮ್ಮೆ. ಇನ್ನು ಕುದುರೆ ದಾಟುವಷ್ಟು ಬಾಗಿಲಿತ್ತು. ಒಳಗೆ ಉಳಿದವರು ನಾವಿಬ್ಬರು, ಎರ‍ಡು ಕುದುರೆಗಳು, ಒಂದು ಮರಿ. ಬೆಳಿಗ್ಗೆ ಎಲ್ಲಿ ನಿಂತಿದ್ದೆವೋ ಸರಿಯಾಗಿ ಅಲ್ಲಿಯೇ ನಿಂತಿದ್ದೆವು.

ಫಕೀರಗೌಡ ಸರದಾರನ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡ. ಆದರೆ ಹೆಜ್ಜೆ ಇಡಲಿಲ್ಲ. ನನ್ನನ್ನು ನೋಡಿದ. ಅವನು ಮುಂದೆ ಹೊರಟರೆ, ನಾನು ಮರಿಯನ್ನು ಹೊತ್ತು ಕಸ್ತೂರಿಯನ್ನು ಕೊನೆಗೆ ದಾಟಿಸಬಹುದಿತ್ತು. ಇದು ಅವನಿಗೂ ಗೊತ್ತಿತ್ತು. ಇನ್ನೊಂದಿಷ್ಟು ಹೊತ್ತು ಕೊಟ್ಟಿದ್ದರೆ ಅವನೇ ಹೊರಡುತ್ತಿದ್ದನೆಂದು ಇಂದಿಗೂ ನನಗೆ ಅನಿಸುತ್ತದೆ. ಆದರೆ ಕಸ್ತೂರಿಯ ಮುಂಗಾಲು ಮತ್ತೆ ಮಡಿಯಿತು.

ನಾನು ಕಸ್ತೂರಿಯ ಹಗ್ಗ ಬಿಚ್ಚಿ, ಮರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡೆ. ಅದರ ನಾಲ್ಕು ಕಾಲುಗಳೂ ನನ್ನ ಎದೆಯ ಮೇಲೆ ತೂಗಾಡಿದವು. ಬಾಗಿಲ ಕಡೆಗೆ ತಿರುಗಿ ನಡೆದೆ. ಮರಿಯ ವಾಸನೆ ಹಿಡಿದು ಕಸ್ತೂರಿ ತಲೆಯೆತ್ತಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಅದರ ಬಿಸಿ ಉಸಿರು ನನ್ನ ಕತ್ತಿಗೆ ತಾಗಿತು. ಹಾಗೆ ನಾವು ಮೂವರು ಹೊರಬಂದೆವು. ಸಂಗವ್ವ ಬೆಲ್ಲದ ನೀರಿನ ಕೊಪ್ಪರಿಗೆಯನ್ನು ಲಾಯದ ಹಿಂಬದಿಯ ಬಿಸಿಲಿನಲ್ಲಿದ್ದ ಕಟ್ಟೆಯ ಮೇಲಿಟ್ಟಿದ್ದಳು. ಊರಿಗೆ ಊರೇ ನಮ್ಮನ್ನು ಸುತ್ತುವರಿದು ಕಟ್ಟೆಯ ಕಡೆಗೆ ನಡೆಯಿತು. ಕಸ್ತೂರಿ ಮೂಗು ಅದ್ದಿ ಮೊದಲ ಗುಟುಕು ಹೀರಿದಾಗ ಮುದುಕರು ಕೂಡ ಸಿಳ್ಳೆ ಹಾಕಿದರು. ಮೌಲಾಬಿ ಕಂಕುಳಲ್ಲಿದ್ದ ಕೋಳಿಯನ್ನು ಬಿಟ್ಟು ಕಣ್ಣೊರೆಸಿಕೊಂಡಳು. ಅದು ಸಾರಾಗದೆ ಬದುಕಿತು.

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಮರಿಯ ಮೈ ಉಜ್ಜುತ್ತಿದ್ದಾಗ ಫಕೀರಗೌಡ ಬಂದ. ನಮ್ಮ ಮನೆಗೆ ಅವನು ಬಂದದ್ದು ಅದೇ ಮೊದಲು. ಸಂಗವ್ವ ಹಾಸಿದ ಕಂಬಳಿಯ ತುದಿಯಲ್ಲಿ ಕುಳಿತು ಬಹಳ ಹೊತ್ತು ಮರಿಯನ್ನೇ ನೋಡಿದ.

“ನಿನ್ನೆ ನಾ ಕಡೀಗೆ ಬಂದೆ,” ಎಂದ.

“ಬಂದಿರಬೇಕು.”

“ಬಂದಿರಬೇಕು ಅಲ್ಲ, ಬಂದೆ. ನಿನ್ನ ಕುದುರಿ ದಾಟಿತು, ಅದರ ಹಿಂದ ಸರದಾರ ದಾಟಿದ. ಸಭಾಕ್ಕ ಹೋಗಿ ಹೇಳಿದ್ರ, ಕಂಡವರು ಯಾರು ಅಂತಾರ. ಒಬ್ಬರೂ ನೋಡಿಲ್ಲ. ಎಲ್ಲಾರೂ ಈ ಮರಿ ಹಿಂದ ಕಟ್ಟೀ ಕಡೆ ಹೋಗಿದ್ರು. ಎರಡೂ ಕುದುರಿ ಅಳತಿ ಒಂದ, ಬಾಗಿಲಾ ನೋಡಿ ಹೇಳಾಕ ಬರೂದಿಲ್ಲಂತ. ಅಷ್ಟು ಎದಿ ಉಬ್ಬಿಸಿಕೊಂಡು ಹೊರಗ ಬಂದೀನಿ, ಅಂಗಳದಾಗ ಒಂದು ನಾಯಿ ಸುದ್ದಾ ಇರಲಿಲ್ಲ.” ಅವನ ದನಿ ಕುಂದಿತು. “ನೀನ ಒಂದು ಮಾತು ಹೇಳು. ನೀ ಹೇಳಿದ್ರ ನಂಬತಾರ.”

“ನಾ ಮುಂದ ಹೋದವ. ಹಿಂದ ತಿರುಗಿ ನೋಡಿಲ್ಲ.”

“ನೋಡೀನಿ ಅಂತ ಅನ್ನು.”

“ನಿನ್ನ ಸಲುವಾಗಿ ಸುಳ್ಳು ಹೇಳ್ಲೇನು? ನಮ್ಮ ಮನೆತನದಾಗ ಆ ರೂಢಿ ಇಲ್ಲ.”

ಅವನು ಸಿಟ್ಟಾಗಿ ಎದ್ದು ಹೋಗುತ್ತಾನೆಂದು ಕಾದೆ. ಹೋಗಲಿಲ್ಲ. ಮರಿ ಅವನ ಬಳಿಗೆ ಬಂದು ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು; ಅವನು ಬಿಡಿಸಿಕೊಳ್ಳಲಿಲ್ಲ. ಸಂಗವ್ವ ಒಳಗಿನಿಂದ ಹೇಳಿದಳು, ನನಗೆಂದೋ ಅವನಿಗೆಂದೋ ಗೋಡೆಗೆಂದೋ: “ಮತ್ತೊಮ್ಮೆ ದಾಟಿದ್ರಾತು. ಒಬ್ಬರು ಮುಂದ ಹೋಗಿ ತಿರುಗಿ ನಿಂತು ನೋಡಬೇಕು, ಅಷ್ಟ.”

ಒಂದು ವಾರ ಕಳೆದು ಕಸ್ತೂರಿ ಗಟ್ಟಿಯಾಗಿ ನಡೆಯುವಂತಾದ ಮೇಲೆ, ಮರಿಯನ್ನು ಹೆಗಲಿಗೇರಿಸಿಕೊಂಡು ನಾನು ಲಾಯಕ್ಕೆ ಹೋದೆ. ಫಕೀರಗೌಡ ಸರದಾರನ ಕೂದಲು ಬಾಚಿ, ಹಣೆಗೆ ಗೊಂಡೆ ಕಟ್ಟಿ ತಂದಿದ್ದ. ಒಳಗೆ ಹೋಗಿ ನಿಂತೆವು. ನಾನು ಮುಂದೆ ಹೊರಟೆ, ಕಸ್ತೂರಿ ನನ್ನ ಹಿಂದೆ. ಏರುಹಾಸಿನ ಕೆಳಗೆ ಬಂದು, ದಾರಿಯಿಂದ ಸರಿದು, ಮಂಟಪಕ್ಕೆ ಮುಖ ಮಾಡಿ ನಿಂತೆ. ಫಕೀರಗೌಡ ಹೊರಬಂದ. ಎದೆ ಉಬ್ಬಿತ್ತು, ಮೀಸೆ ಮೇಲಿತ್ತು, ಸರದಾರ ಕತ್ತು ಬಾಗಿಸಿ ಕಮಾನಿನಡಿ ಗತ್ತಿನಿಂದ ದಾಟಿದ. ನನ್ನೆದುರು ಬಂದು ಇಬ್ಬರೂ ನಿಂತರು.

“ನೋಡಿದ್ಯಾ?” ಎಂದ.

“ನೋಡಿದೆ.”

“ಸರಿಯಾಗಿ ನೋಡಿದ್ಯಾ?”

“ಸರಿಯಾಗಿ ನೋಡಿದೆ ಮಾರಾಯಾ. ಹಿಂದಿನ ಎಡಗಾಲಿನ ಲಾಳ ಸಡಿಲ ಆಗ್ಯದ. ಮೌಲಾಬಿ ಮನಿಗೆ ಹೋಗಿ ಹೊಡಿಸು, ಮಧ್ಯಾಹ್ನ ಮತ್ತ ಕಡೀಗೆ ದಾಟೂದದ.”